ಲೋಮ್ಯಾಕ್ಸ್ ಡಿಜಿಟಲ್ ಆರ್ಕೈವ್: ಕೇಳ್ತಾ ಕೂತರೆ ನಿದ್ದೆಗೆ ಸಂಚಕಾರ

ಎರಡು ವಾರದಿಂದ ರಾತ್ರಿ ಊಟ ಆದಮೇಲೆ ನನಗೆ ಇದೇ ಕೆಲಸ. ಅಮೆರಿಕದ ಜಾನಪದ ತಜ್ಞ ಅಲನ್ ಲೋಮ್ಯಾಕ್ಸ್ ಜೀವನವಿಡೀ ರೆಕಾರ್ಡ್ ಮಾಡಿದ್ದನ್ನು ಇಟ್ಟಿರುವ ಜಾಲತಾಣ ಇದು. 17 ಸಾವಿರಕ್ಕೂ ಹೆಚ್ಚು ಧ್ವನಿಮುದ್ರಣ, ಒಂದು ಪೈಸೆ ಖರ್ಚಿಲ್ಲ.

1933ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಅಪ್ಪ ಜಾನ್ ಲೋಮ್ಯಾಕ್ಸ್ ಜೊತೆ ಸುಮಾರು 140 ಕೆಜಿ ತೂಕದ ರೆಕಾರ್ಡಿಂಗ್ ಯಂತ್ರವನ್ನು ಕಾರಿಗೆ ಹೇರಿಕೊಂಡು ಅಮೆರಿಕದ ದಕ್ಷಿಣ ಭಾಗದ ಜೈಲುಗಳನ್ನು ಸುತ್ತಿದ. ಲೂಯಿಸಿಯಾನದ ಅಂಗೋಲ ಜೈಲಿನಲ್ಲಿ ಸಿಕ್ಕಿದ್ದೇ ಲೆಡ್ ಬೆಲಿ ಎಂಬ ಗಾಯಕ. ಸಿಕ್ಕ ಹಾಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಜಾತಿಯಲ್ಲ ಅಲನ್. 1939ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ಶಾಲಾ ಮಕ್ಕಳಿಗೆ ಜನಪದ ಹಾಡು ಕೇಳಿಸಿದ. ಮೊದಲು ಹಾಡು, ಆಮೇಲೆ ಅದಕ್ಕೇ ಆರ್ಕೆಸ್ಟ್ರಾ ವೇಷ. (ನಮ್ಮಲ್ಲೂ ಸೋಬಾನೆ ಪದಕ್ಕೆ ಕೀಬೋರ್ಡ್ ಸೇರಿಸದೆ ಬಿಡಲ್ಲ, ಅಲ್ವಾ?) 1950ರಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರೆಂದು ಅನುಮಾನ ಬಂದವರ ಬೇಟೆ ಜೋರಾದಾಗ ಯುರೋಪಿಗೆ ಹೋದ. ಅಲ್ಲೂ ಸುಮ್ನೆ ಕೂರದೆ ಬಿಬಿಸಿಗೆ ಕಾರ್ಯಕ್ರಮ ಮಾಡಿದ.

ನನಗೆ ಜಾಸ್ತಿ ಹಿಡಿಸಿದ್ದು ರೇಡಿಯೋ ವಿಭಾಗ. 1948ರಲ್ಲಿ ಮ್ಯೂಚುಯಲ್ ಎಂಬ ಅಮೆರಿಕದ ರೇಡಿಯೋ ನೆಟ್‌ವರ್ಕ್‌ಗೆ ಮಾಡಿದ ಕಾರ್ಯಕ್ರಮದಲ್ಲಿ ಈತ ಗ್ರಾಮಫೋನ್ ತಟ್ಟೆ ಹಾಕುತ್ತಾ ಮಾತಾಡುವುದು ಜಗಲಿ ಮೇಲೆ ಕೂತು ಹರಟಿದ ಹಾಗಿದೆ. ಉಚ್ಚಾರಣೆ ಅರ್ಧ ತಲೆಗೆ ಹೋಗಲ್ಲ, ಎರಡು ಸಲ ಕೇಳಬೇಕು.

ಇನ್ನು 1959ರಲ್ಲಿ ರೆಕಾರ್ಡ್ ಮಾಡಿದ, ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನ ಹಾಡುಗಳು. ಕೈದಿಗಳು ಮರ ಕಡಿಯುತ್ತಾ ಹಾಡುತ್ತಾರೆ, ಕೊಡಲಿ ಏಟೇ ತಾಳ. ಒಬ್ಬ ಸಾಲು ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ, ಏಟು ಬಿದ್ದ ಕಡೆ ಉಸಿರು. ನನಗೆ ನೆನಪಾಗಿದ್ದು ಅಜ್ಜಿಯ ರಾಗಿಕಲ್ಲು. ಗೂಟ ಒಂದು ಸುತ್ತು ಬರುವಷ್ಟರಲ್ಲಿ ಪದದ ಸಾಲೂ ಮುಗಿಯುತ್ತಿತ್ತು, ಕಲ್ಲು ನಿಂತರೆ ಅಜ್ಜಿಗೆ ಮುಂದಿನ ಸಾಲೇ ಹೊಳೆಯುತ್ತಿರಲಿಲ್ಲ. ಅದನ್ನು ರೆಕಾರ್ಡ್ ಮಾಡೋಣ ಅಂತ ನಮಗ್ಯಾರಿಗೂ ಅನ್ನಿಸಲೇ ಇಲ್ಲ.

ಒಂದು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಲೆಡ್ ಬೆಲಿ ತೀರಿಕೊಂಡ ಮರುವರ್ಷ, 1950ರಲ್ಲಿ, ಬೇರೆ ತಂಡವೊಂದು ಹಾಡಿ ಅವನ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಬರೆದವರು ಅನ್ನುವ ಕಡೆ ಅವನ ಪಕ್ಕದಲ್ಲೇ, ಹಾಡು ರೆಕಾರ್ಡ್ ಮಾಡಿಕೊಂಡಿದ್ದ ಅಪ್ಪ ಲೋಮ್ಯಾಕ್ಸ್ ಹೆಸರೂ ಇತ್ತು.

ಕೇಳುವವರು 1959ರಿಂದಲೇ ಶುರು ಮಾಡಿ. ಅವು ಸ್ಟೀರಿಯೋ, ಹಾಗಾಗಿ ಫೋನ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಆ ಹೆಸರಿನ ವಿಷಯಕ್ಕೆ.