ಪಿನ್‌ಬೋರ್ಡ್: ವರ್ಷಗಟ್ಟಲೆ ಬಳಸಿದ ಮೇಲೆ

ಜಾಲಪುಟಗಳ ಕೊಂಡಿಗಳನ್ನು ಉಳಿಸಿಡುವ ಸೇವೆಯಾದ ಪಿನ್‌ಬೋರ್ಡ್‌ನಲ್ಲಿ ಒಂದು ಪುಟವನ್ನು ಉಳಿಸಿದರೆ ಅದರ ಪಕ್ಕದಲ್ಲಿ ಪುಟ್ಟದೊಂದು ಅಂಕಿ ಕಾಣಿಸಿಕೊಳ್ಳುತ್ತದೆ. ಅದೇ ಪುಟವನ್ನು ಇನ್ನೆಷ್ಟು ಮಂದಿ ಉಳಿಸಿಕೊಂಡಿದ್ದಾರೆ ಎಂಬುದರ ಲೆಕ್ಕ ಅದು. ನಾನು ಈ ಸೇವೆಯನ್ನು ಬಿಡದೆ ಬಳಸುತ್ತಿರುವುದು ಮುಖ್ಯವಾಗಿ ಆ ಅಂಕಿಗಾಗಿ. ಅದನ್ನು ಒತ್ತಿದರೆ ಆ ಮಂದಿ ಯಾರು, ಪುಟಕ್ಕೆ ಯಾವ ಟ್ಯಾಗ್, ಎಂದರೆ ವಿಷಯ ಸೂಚಿಸುವ ಪದ, ಕೊಟ್ಟಿದ್ದಾರೆ ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಅಂಕಿ ತೀರ ದೊಡ್ಡದಿದ್ದರೆ ನಾನು ಮುಂದೆ ಹೋಗುವುದಿಲ್ಲ. ಮೂರೋ ನಾಲ್ಕೋ ಇದ್ದರೆ ಒಬ್ಬೊಬ್ಬರ ಸಂಗ್ರಹವನ್ನೂ ಬಿಡದೆ ನೋಡುತ್ತೇನೆ. ತಾಳೆಗರಿ ಪ್ರತಿಗಳ ಸಂರಕ್ಷಣೆಯ ಬಗ್ಗೆ ಒಂದು ಲೇಖನವನ್ನು ಉಳಿಸಿದ್ದ ಅಪರಿಚಿತರೊಬ್ಬರ ಸಂಗ್ರಹದಿಂದ ಕಾಗದ, ಶಾಯಿ, ಅಚ್ಚುಮೊಳೆಗಳನ್ನು ಕುರಿತ ಎಷ್ಟೋ ಒಳ್ಳೆಯ ಬರಹಗಳು ನನಗೆ ದೊರೆತಿವೆ. ಹುಡುಕುವುದಕ್ಕೆ ಯಾವ ಪದ ಬಳಸಬೇಕೆಂದು ನನಗೆ ಹೊಳೆಯುವ ಮೊದಲೇ ಅವು ಸಿಕ್ಕವು.

ರಾತ್ರಿ ಊಟ ಮುಗಿದ ಮೇಲೆ, ಹಗಲಿನಲ್ಲಿ ಓದಲಾಗದೆ ಗುರುತು ಹಾಕಿಟ್ಟ ಪುಟಗಳನ್ನು ಒಂದೊಂದಾಗಿ ತೆರೆಯುತ್ತೇನೆ. ಮನಸ್ಸಿಗೆ ಹಿಡಿಸಿದ ಸಾಲನ್ನು ಆಯ್ದುಕೊಂಡು ಬುಕ್‌ಮಾರ್ಕ್‌ಲೆಟ್ (ಪುಟ ಉಳಿಸಲು ಬ್ರೌಸರ್‌ನಲ್ಲಿ ಇಟ್ಟುಕೊಳ್ಳುವ ಗುಂಡಿ) ಒತ್ತಿದರೆ ಆ ಸಾಲು ತಾನಾಗಿಯೇ ವಿವರಣೆಯ ಪೆಟ್ಟಿಗೆಗೆ ಬರುತ್ತದೆ. ಅದರ ಕೆಳಗೆ, ಈ ಪುಟ ನನಗೇಕೆ ಬೇಕು ಎಂಬುದನ್ನು ಕನ್ನಡದಲ್ಲಿ ಎರಡು ವಾಕ್ಯ ಬರೆದಿಡುತ್ತೇನೆ. ಚುಕ್ಕಿಯಿಂದ ಆರಂಭವಾಗುವ ಟ್ಯಾಗ್ ಬೇರೆಯವರಿಗೆ ಕಾಣುವುದಿಲ್ಲವಾದ್ದರಿಂದ, ಸ್ವಂತದ ವರ್ಗೀಕರಣಕ್ಕೂ ಅಡ್ಡಿಯಿಲ್ಲ. ಓದಿದ್ದು ಉಳಿಸಲು ಯೋಗ್ಯವಲ್ಲ ಎನಿಸಿದರೆ ಅಲ್ಲಿಯೇ ಅಳಿಸಿಬಿಡುತ್ತೇನೆ.

ಬ್ರೌಸರ್‌ನಲ್ಲಿ ಬಿಟ್ಟಿಯಾಗಿ ಸಿಗುವ ಸೌಲಭ್ಯಕ್ಕೆ ವರ್ಷಕ್ಕೆ 22 ಡಾಲರ್ ಏಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಜೋಶುವಾ ಶಾಕ್ಟರ್ 2003ರಲ್ಲಿ ಆರಂಭಿಸಿದ, ಇಂಥದೇ ಸೇವೆಯಾದ ಡೆಲಿಷಿಯಸ್ ಉಚಿತವಾಗಿಯೇ ಇತ್ತು. 2005ರಲ್ಲಿ ಯಾಹೂ ಅದನ್ನು ಕೊಂಡಿತು. ಅನಂತರ ಕೈಯಿಂದ ಕೈಗೆ ಹೋಗಿ, ಕೊನೆಗೆ 2017ರಲ್ಲಿ ಪಿನ್‌ಬೋರ್ಡ್ ನಡೆಸುವ ಮಾಚೆಯ್ ಸೆಗ್ಲೋವ್ಸ್ಕಿ ಅದನ್ನು 35,000 ಡಾಲರಿಗೆ ಖರೀದಿಸಿದರು. ಪುಟಗಳನ್ನು ಆಮೇಲೆ ಓದಲು ಉಳಿಸಿಡುವ, ಮೊಜಿಲ್ಲಾ ಸಂಸ್ಥೆಯ ಪಾಕೆಟ್ ಕೂಡ 2025ರ ಜುಲೈನಲ್ಲಿ ಮುಚ್ಚಿತು. ಬಳಕೆದಾರರ ಚಂದಾದಿಂದಲೇ, ಜಾಹೀರಾತಿಲ್ಲದೆ ನಡೆಯುವ ಸೇವೆಯ ಮೇಲೆ ನನಗೆ ಹೆಚ್ಚು ಭರವಸೆಯಿದೆ.

ಆದರೆ ಕನ್ನಡದ ಪುಟಗಳ ವಿಷಯಕ್ಕೆ ಬಂದಾಗ ಈ ಸಂತೋಷ ಕುಗ್ಗುತ್ತದೆ. ನಾನು ಉಳಿಸಿದ ಕನ್ನಡ ಬರಹಗಳ ಪಕ್ಕದಲ್ಲಿ ಆ ಅಂಕಿ ಕಾಣುವುದೇ ಅಪರೂಪ. ಅದಕ್ಕಿಂತ ನೋವಿನ ಸಂಗತಿಯೆಂದರೆ, ಪುಟಗಳೇ ಇಲ್ಲವಾಗುವುದು. ಪತ್ರಿಕೆಯೊಂದು ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿದಾಗ ಹಳೆಯ ವಿಳಾಸಗಳನ್ನು ಹೊಸದಕ್ಕೆ ಜೋಡಿಸುವ ಗೋಜಿಗೆ ಹೋಗಲಿಲ್ಲ. ನಾನು ಜೋಪಾನ ಮಾಡಿದ್ದ ಅಂಕಣಗಳೆಲ್ಲ ಒಂದೇ ಏಟಿಗೆ ಸತ್ತ ಕೊಂಡಿಗಳಾದವು. ಪುಟದ ಪ್ರತಿಯನ್ನೂ ತೆಗೆದಿಡುವ ಖಾತೆಗೆ ವರ್ಷಕ್ಕೆ 39 ಡಾಲರ್, ಎಂದರೆ ಮೂರು ಸಾವಿರ ರೂಪಾಯಿಗೂ ಹೆಚ್ಚು. ಪ್ರತಿಯಿದ್ದರೂ ಎಲ್ಲ ತೊಂದರೆ ತೀರುವುದಿಲ್ಲ, ಏಕೆಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಪುಟಗಳು ಆಯಾ ಫಾಂಟ್‌ಗಳನ್ನೇ (ಅಕ್ಷರವಿನ್ಯಾಸಗಳನ್ನೇ) ನೆಚ್ಚಿಕೊಂಡಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳಾಗಿ ಕಾಣುತ್ತವೆ, ಕನ್ನಡ ಪದ ಕೊಟ್ಟು ಹುಡುಕಿದರೆ ಸಿಗುವುದೂ ಇಲ್ಲ. ಅಂಥ ಪುಟವನ್ನು ಮತ್ತೆ ಹುಡುಕಿಕೊಡುವುದು ನಾನೇ ಬರೆದಿಟ್ಟ ಆ ಎರಡು ವಾಕ್ಯಗಳು ಮಾತ್ರ.

ಹೀಗಾಗಿ ಇಂಗ್ಲಿಷ್ ಪುಟಗಳನ್ನಷ್ಟೇ ಉಳಿಸುವವರಿಗೆ 22 ಡಾಲರಿನ ಖಾತೆ ಧಾರಾಳವಾಗಿ ಸಾಕು. ಕನ್ನಡದ ಹಳೆಯ ಪುಟಗಳನ್ನು ಪ್ರೀತಿಸುವವರು, ಕೈ ಬಿಗಿಯಿದ್ದರೂ, ಪ್ರತಿ ಇಡುವ ಖಾತೆಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು; ನಾನು ಈ ವರ್ಷ ಅದನ್ನೇ ಮಾಡಿದ್ದೇನೆ. ಸೇರುವವರು ಟ್ಯಾಗ್‌ಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದು, ಸಂಗ್ರಹವನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಕೋರುತ್ತೇನೆ, ಏಕೆಂದರೆ ನಿಮ್ಮ ಸಂಗ್ರಹವನ್ನು ನೋಡುವ ಆಸೆ ನನಗಿದೆ.