ಸ್ಪ್ಯಾನಿಷ್‌ನಲ್ಲಿ ‘ಓನರ್’ಗೆ ಯಾವ ಪದ? ಅಕಾಡೆಮಿಯ ನಿಘಂಟು ನೋಡಿ

ನಾನು ದುಡ್ಡು ಕೊಟ್ಟು ತಗೊಂಡ ಸ್ಪ್ಯಾನಿಷ್ ಆ್ಯಪ್ ದುವೇನ್ಯೊ, ಪ್ರೊಪಿಯೆತಾರಿಯೊ, ಆಮೊ ಮೂರಕ್ಕೂ ‘ಓನರ್’ ಅಂತ ಒಂದೇ ಅರ್ಥ ಕೊಟ್ಟು ಕೈ ತೊಳೆದುಕೊಂಡಿತು. ಅದಕ್ಕಿಂತ ಮ್ಯಾಡ್ರಿಡ್‌ನ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ಆನ್‌ಲೈನ್ ನಿಘಂಟು ಎಷ್ಟೋ ವಾಸಿ. 1713ರಲ್ಲಿ ಹುಟ್ಟಿದ ಸಂಸ್ಥೆ, ನಿಘಂಟು ಪೂರ್ತಿ ಉಚಿತ.

2023ರ ಅಪ್‌ಡೇಟ್‌ನಿಂದ ಸಮಾನಾರ್ಥಕ ಪದಗಳೂ ಸೇರಿವೆ. ಆದರೆ ಸಾಲಾಗಿ ಜೋಡಿಸಿ ಕೊಡುತ್ತದೆ ಅಷ್ಟೇ, ಯಾವುದು ಎಲ್ಲಿಗೆ ಅಂತ ಒಂದೊಂದರ ಅರ್ಥ ಓದಿ ನಾವೇ ತಿಳಿದುಕೊಳ್ಳಬೇಕು. ನಾಯಿಗೆ, ಅಂಗಡಿಗೆ ದುವೇನ್ಯೊ ಸಾಕು, ಮಾತಿನಲ್ಲಿ ಅದೇ ಜಾಸ್ತಿ. ಮನೆ ಪತ್ರ, ನೋಂದಣಿ ಅಂತ ಬಂದರೆ ಪ್ರೊಪಿಯೆತಾರಿಯೊ. ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆಯೋ ಅವರು ತಿತುಲಾರ್. ಆಮೊದಲ್ಲಿ ಧಣಿ-ಆಳು ಅನ್ನೋ ವಾಸನೆ ಇದೆ, ಬಾಡಿಗೆ ಮನೆ ಓನರ್‌ಗೆ ಸುಮ್ನೆ ಹಾಕಬೇಡಿ, ಸ್ಪೇನ್‌ನಲ್ಲಿ ಅವರಿಗೆ ಕಸೇರೊ ಅಂತ ಬೇರೆ ಪದವೇ ಇದೆ.

ನನಗೆ ನಿಜವಾಗಿ ಹಿಡಿಸಿದ್ದು ಅದೇ ಅಕಾಡೆಮಿಯ ಇನ್ನೊಂದು ನಿಘಂಟು, ‘ಪಾನ್‌ಇಸ್ಪಾನಿಕೊ ದೆ ದೂದಾಸ್’. ಮೊದಲ ಆವೃತ್ತಿ 2005ರದ್ದು, ಬರೀ ಗೊಂದಲ ಬಿಡಿಸೋಕೆ ಅಂತಲೇ ಮಾಡಿದ್ದು. ಮಿ ಅಂದರೆ ‘ನನ್ನ’, ಮೀಯೊ ಅಂದರೆ ‘ನನ್ನದು’, ಇಷ್ಟು ಕನ್ನಡದವರಿಗೆ ಸಲೀಸು. ಕಷ್ಟ ಶುರುವಾಗೋದು ‘ನನ್ನ ಪಕ್ಕ’, ‘ನನ್ನ ಹಿಂದೆ’ ಅನ್ನುವಾಗ. ನಮಗೆ ಎರಡಕ್ಕೂ ‘ನನ್ನ’ ಸಾಕು, ಅಲ್ವಾ? ಅಲ್ಲಿ ಹಾಗಲ್ಲ. ‘ಅಲ್ ಲಾದೊ ಮೀಯೊ’ (ನನ್ನ ಪಕ್ಕ) ಸರಿ, ‘ದೆತ್ರಾಸ್ ಮೀಯೊ’ (ನನ್ನ ಹಿಂದೆ) ಬೇಡ, ‘ದೆತ್ರಾಸ್ ದೆ ಮಿ’ ಅನ್ನಿ ಎನ್ನುತ್ತದೆ ಈ ನಿಘಂಟು. ಸುಮ್ನೆ ತಪ್ಪು ಅಂದು ಬಿಡೋದಿಲ್ಲ, ಪರೀಕ್ಷೆ ಮಾಡೋ ದಾರಿಯನ್ನೂ ಕೊಡುತ್ತದೆ: ‘ನನ್ನ’ ಅನ್ನೋ ಮಿಯನ್ನು ಪದಕ್ಕಿಂತ ಮೊದಲು ತಂದು ನೋಡಿ, ‘ಆ ಮಿ ಲಾದೊ’ ಅಂತ ಹೇಳಬಹುದು, ‘ಎನ್ ಮಿ ದೆತ್ರಾಸ್’ ಅಂತ ಯಾರೂ ಹೇಳೋದಿಲ್ಲ, ಹಾಗಾಗಿ ಅಲ್ಲಿ ಮೀಯೊಗೂ ಜಾಗ ಇಲ್ಲ. ಮಾತಿನಲ್ಲಿ ‘ದೆತ್ರಾಸ್ ಮೀಯೊ’ ಬೇಕಾದಷ್ಟು ಕೇಳಿಸುತ್ತದೆ, ಅದು ಬೇರೆ ವಿಷಯ. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಹೋಗಬಹುದು.

ಕೊರತೆ? ಎರಡೂ ನಿಘಂಟಿನ ವಿವರಣೆ ಸ್ಪ್ಯಾನಿಷ್‌ನಲ್ಲೇ ಇದೆ, ಈಗಷ್ಟೇ ಶುರು ಮಾಡಿದವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಸಣ್ಣ ವಾಕ್ಯ ಓದಿ ಅರ್ಥ ಮಾಡಿಕೊಳ್ಳುವ ಮಟ್ಟಕ್ಕೆ ಬಂದ ಮೇಲೆ ತೆರೆಯಿರಿ. ದೂದಾಸ್‌ಗೆ ಐದಕ್ಕೆ ಐದು. ದೊಡ್ಡ ನಿಘಂಟಿಗೆ ನಾಲ್ಕು, ಉದಾಹರಣೆ ವಾಕ್ಯ ಸಾಲದು.