ನಡುಹೊಳೆಯಲ್ಲಿ ತಳ ಬಿಟ್ಟ ದೋಣಿ: ಪ್ಲೈವುಡ್ ಕೊಳ್ಳಲು ಹೊರಟವರಿಗೊಂದು ಎಚ್ಚರಿಕೆ

ಸ್ವಂತ ಕೈಯಿಂದ ಸಣ್ಣ ದೋಣಿ ಕಟ್ಟಬೇಕೆಂದು ಪ್ಲೈವುಡ್ ಅಂಗಡಿಗೆ ಹೊರಟಿದ್ದೀರಾದರೆ ದಯವಿಟ್ಟು ಇದನ್ನು ಓದಿ ಹೋಗಿ. ಕಳೆದ ನವೆಂಬರಿನಲ್ಲಿ ನಾನು ಕಟ್ಟಿದ ದೋಣಿ ಪಂಚಗಂಗಾವಳಿ ಹೊಳೆಯ ನಡುನೀರಿನಲ್ಲಿ ತಳ ಬಿಟ್ಟಿತು. ಒಳಗೆ ನಾನಿದ್ದೆ, ನನ್ನ ಹತ್ತು ವರ್ಷದ ಮಗಳಿದ್ದಳು. ಹತ್ತಿರದಲ್ಲಿ ಬಲೆ ಬಿಡುತ್ತಿದ್ದವರು ಓಡಿಬಂದು ನಮ್ಮನ್ನು ಮೇಲೆತ್ತಿಕೊಂಡರು. ಅವರು ಅಂದು ಅಲ್ಲಿ ಇರದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ರಾತ್ರಿ ಎಚ್ಚರವಾದಾಗ ಯೋಚಿಸುತ್ತೇನೆ.

ನಮ್ಮ ಮನೆ ಕುಂದಾಪುರದ ಬಳಿ, ಹೊಳೆಯಂಚಿನಲ್ಲಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಒಟ್ಟಾಗಿ ಕಡಲು ಸೇರುವ ಜಾಗ. ಮಳೆಗಾಲದಲ್ಲಿ ಸಿಹಿನೀರು ತುಂಬಿ ಹರಿಯುತ್ತದೆ. ಬೇಸಗೆಯಲ್ಲಿ ಉಬ್ಬರದ ಜೊತೆ ಉಪ್ಪುನೀರು ಬಹುದೂರ ಮೇಲೇರುತ್ತದೆ. ಮರಕ್ಕೂ ಕಬ್ಬಿಣಕ್ಕೂ ಇದಕ್ಕಿಂತ ಕಷ್ಟದ ನೀರು ಬೇರೆ ಬೇಕಿಲ್ಲ. ಎದುರಿನ ಕುದ್ರುವಿನಲ್ಲಿ, ಅಂದರೆ ಹೊಳೆಯ ನಡುಗಡ್ಡೆಯಲ್ಲಿ, ನಮ್ಮ ಹದಿನೆಂಟು ತೆಂಗಿನ ಮರಗಳಿವೆ. ಹೋಗಿಬರಲು 12 ಅಡಿ ಉದ್ದದ, ಚಪ್ಪಟೆ ತಳದ ಒಂದು ದೋಣಿ ಸಾಕಾಗಿತ್ತು.

ಅಂಗಡಿಯಲ್ಲಿ "ನೀರು ತಾಗುವ ಕೆಲಸಕ್ಕೆ" ಎಂದು ಕೇಳಿದೆ. 9 ಮಿಲಿಮೀಟರ್ ದಪ್ಪದ ಹಾಳೆಗಳನ್ನು ತೋರಿಸಿದರು, ಮೇಲೆ "ವಾಟರ್ ಪ್ರೂಫ್" ಎಂಬ ಚೀಟಿ ಅಂಟಿಸಿತ್ತು. ನಾನು ಓದಿದ್ದು ಆ ಚೀಟಿಯನ್ನು ಮಾತ್ರ. ಹಾಳೆಯ ಹಿಂಬದಿಯ ಮೂಲೆಯಲ್ಲಿ ಮಸುಕಾದ ಶಾಯಿಯಲ್ಲಿ ಐಎಸ್ 303 ಎಂದೂ ಅದರ ಪಕ್ಕದಲ್ಲಿ ಎಂಆರ್ ಎಂದೂ ಒತ್ತಿದ್ದರು. ಅದರ ಅರ್ಥವನ್ನು ಅಂದೇ ತಿಳಿದುಕೊಂಡಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಐಎಸ್ 303 ಎಂಬುದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ. ಎಂಆರ್ ಎಂದರೆ ಗಾಳಿಯ ತೇವವನ್ನು ತಾಳಿಕೊಳ್ಳುತ್ತದೆ ಎಂದಷ್ಟೇ. ಬೀರುವಿಗೆ, ಮಂಚಕ್ಕೆ, ಒಣಗಿದ ಕೋಣೆಗೆ ಅದು ಸರಿ. ದೋಣಿಗೆ ಬೇಕಾದದ್ದು ಐಎಸ್ 710, ಅಂದರೆ ಮರೀನ್ ಪ್ಲೈವುಡ್. ಅದರ ಅಂಟು ಫಿನಾಲ್ ಫಾರ್ಮಾಲ್ಡಿಹೈಡ್. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಎಂಬುದು ಅದಕ್ಕಿರುವ ಪರೀಕ್ಷೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಹೊರನೋಟಕ್ಕೆ ಒಂದೇ.

ಮೊದಲ ತಪ್ಪಿನ ಮೇಲೆ ಇನ್ನೂ ಮೂರನ್ನು ಪೇರಿಸಿದೆ. ಸತು ಲೇಪದ ಕಬ್ಬಿಣದ ಸ್ಕ್ರೂ ಬಳಸಿದೆ. ಎಂಟಡಿಯ ಹಾಳೆಗಳನ್ನು ತುದಿಗೆ ತುದಿ ತಾಗಿಸಿ, ಒಳಗಿನಿಂದ ಒಂದು ಪಟ್ಟಿ ಹೊಡೆದು ಜೋಡಿಸಿದೆ. ಕೊನೆಗೆ ಹೊರಮೈಗೆಲ್ಲ ಪಾಲಿಯೆಸ್ಟರ್ ರಾಳ ಬಳಿದು, ಗಾಜಿನ ನಾರಿನ ಹಾಸು (ಗ್ಲಾಸ್ ಮ್ಯಾಟ್) ಹಾಸಿ, ಮೇಲೆ ನೀಲಿ ಬಣ್ಣ ಕೊಟ್ಟೆ. ಫೆಬ್ರುವರಿಯಲ್ಲಿ ನೀರಿಗಿಳಿಸಿದಾಗ ಅದು ಎಷ್ಟು ಚೆಂದ ಕಾಣುತ್ತಿತ್ತೆಂದರೆ ಇಡೀ ಕೇರಿ ಬಂದು ನೋಡಿತು. ಜೂನ್‌ನಲ್ಲಿ ದಡಕ್ಕೆಳೆದು, ಮಗುಚಿ ಹಾಕಿ, ಟಾರ್ಪಾಲು ಹೊದೆಸಿದೆ. ಅಕ್ಟೋಬರಿನಲ್ಲಿ ಮತ್ತೆ ಇಳಿಸಿದಾಗ ತಳದಲ್ಲಿ ಅಂಗೈಯಗಲದ ಒಂದು ಉಬ್ಬು ಇತ್ತು. ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಹೋಗುತ್ತಿತ್ತು. ಬಿಸಿಲಿಗೆ ರಾಳ ಎದ್ದಿರಬೇಕೆಂದು ಸುಮ್ಮನಾದೆ. ಆ ದಿನವೇ ದೋಣಿಯನ್ನು ದಡದಲ್ಲಿ ಬಿಟ್ಟಿರಬೇಕಿತ್ತು.

ನವೆಂಬರಿನ ಆ ಭಾನುವಾರ ಇಳಿತದ ಹೊತ್ತು. ಅರ್ಧ ಹೊಳೆ ದಾಟಿದ್ದೆವು. ಹಾಳೆ ಹರಿದಂತಹ ಒಂದು ಸದ್ದು ಕಾಲ ಕೆಳಗಿನಿಂದ ಬಂತು. ನೋಡಿದರೆ ಜೋಡಣೆಯ ಸಾಲಿನುದ್ದಕ್ಕೂ ನೀರು ಉಕ್ಕುತ್ತಿತ್ತು. ಮಗಳು ಕುಳಿತಲ್ಲಿಂದಲೇ "ಅಪ್ಪಾ, ನೀರು" ಎಂದಳು. ನೂರಕ್ಕೆ ಎಣಿಸುವಷ್ಟರಲ್ಲಿ ಮೊಣಕಾಲಿಗೆ ಬಂತು, ಇನ್ನಷ್ಟರಲ್ಲಿ ಅಂಚು ಮುಳುಗಿತು. ಹೆಂಡತಿ ಹಟ ಹಿಡಿದು ತೊಡಿಸಿದ್ದ ಲೈಫ್ ಜಾಕೆಟ್ ಮಗಳ ಮೈಮೇಲಿತ್ತು. ಆಗ ನನಗೆ ಇದ್ದ ಧೈರ್ಯವೆಲ್ಲ ಅದೊಂದೇ.

ಮರುದಿನ ದೋಣಿಯನ್ನು ಎಳೆತಂದು ಅಂಗಳದಲ್ಲಿ ಬಿಚ್ಚಿದೆ. ಮೇಲಿನ ಫೈಬರ್ ಪೊರೆ ಅಡಿಕೆ ಹಾಳೆ ಸುಲಿದಂತೆ ಇಡಿಯಾಗಿ ಎದ್ದುಬಂತು. ಅದರ ಒಳಮೈಗೆ ಮರದ ಒಂದು ಎಳೆಯೂ ಅಂಟಿರಲಿಲ್ಲ. ಕೆಳಗೆ ಪ್ಲೈವುಡ್ ಕಪ್ಪಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು, ಹೆಬ್ಬೆರಳು ಒತ್ತಿದರೆ ತೂತಾಗುತ್ತಿತ್ತು. ಪ್ರತಿ ಸ್ಕ್ರೂವಿನ ಸುತ್ತ ಎಂಟಾಣೆ ಅಗಲದ ತುಕ್ಕಿನ ಕಲೆ. ಒಂದನ್ನು ಕೈಯಿಂದಲೇ ಎಳೆದೆ. ಬಂದದ್ದು ತಲೆ ಮಾತ್ರ, ಕೆಳಗೆ ದೇಹವೇ ಇರಲಿಲ್ಲ. ತಳಕ್ಕೆ ಹೊಡೆದಿದ್ದ ಮಾವಿನ ಪಟ್ಟಿಯಲ್ಲಿ ಗುಂಡುಸೂಜಿ ಚುಚ್ಚಿದಂತಹ ಸಣ್ಣ ರಂಧ್ರಗಳಿದ್ದವು. ಸೀಳಿದರೆ ಒಳಗೆ ಕಿರುಬೆರಳು ಹೋಗುವಷ್ಟು ಸುರಂಗಗಳು, ಒಳಗೋಡೆಗೆ ಸುಣ್ಣ ಬಳಿದಂತೆ ಬೆಳ್ಳಗೆ. ಅದು ಹಡಗುಹುಳು. ಹುಳು ಎಂದರೂ ಅದು ನಾವು ತಿನ್ನುವ ಚಿಪ್ಪಿಯ ಬಂಧು. ಮರಿಯಾಗಿದ್ದಾಗ ಕಣ್ಣಿಗೆ ಕಾಣದ ತೂತಿನಿಂದ ಒಳಹೊಕ್ಕು, ಮರವನ್ನು ಕೊರೆಯುತ್ತ ಒಳಗೇ ಬೆಳೆಯುತ್ತದೆ. ಉಪ್ಪುನೀರಿನಲ್ಲಿ ಬಣ್ಣ ಕಿತ್ತ ಒಂದು ಗೀರು ಸಾಕು, ಅದಕ್ಕೆ ಬಾಗಿಲು ತೆರೆದಂತೆ.

ಪೊರೆ ಏಕೆ ಎದ್ದಿತು ಎಂಬುದನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಕರಾವಳಿಯಲ್ಲಿ ಕಾಣುವ ಫೈಬರ್ ದೋಣಿಗಳೂ ಪಾಲಿಯೆಸ್ಟರ್ ರಾಳದವೇ, ಅವು ವರ್ಷಗಟ್ಟಲೆ ಬಾಳುತ್ತವೆ. ಹಾಗಿದ್ದರೆ ನನ್ನದೇಕೆ ಕೆಟ್ಟಿತು? ಅವುಗಳನ್ನು ಅಚ್ಚಿನಲ್ಲಿ ಎರೆಯುತ್ತಾರೆ. ರಾಳ ಹಿಡಿದುಕೊಳ್ಳುವುದು ಗಾಜಿನ ನಾರನ್ನು, ಮರವನ್ನಲ್ಲ. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಮರದ ಮೇಲೆ ಅದರ ಹಿಡಿತ ದುರ್ಬಲ. ಮರವೋ ತೇವ ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಒಂದೆರಡು ಋತು ಕಳೆಯುವಷ್ಟರಲ್ಲಿ ನಡುವೆ ಸಂದು ಬೀಳುತ್ತದೆ, ಒಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿರುವುದಿಲ್ಲ. ಮರಕ್ಕೆ ಹಚ್ಚುವುದಿದ್ದರೆ ಎಪಾಕ್ಸಿಯೇ ಬೇಕು, ಅದು ಗಟ್ಟಿಕಾರಕ ಬೆರೆಸಿ ಬಳಸುವ, ಮರಕ್ಕೆ ಬಿಗಿಯಾಗಿ ಅಂಟುವ ಇನ್ನೊಂದು ಬಗೆಯ ರಾಳ. ಬೆಲೆ ಹೆಚ್ಚು, ನಿಜ. ಆದರೆ ದಯವಿಟ್ಟು ಇಲ್ಲಿ ಉಳಿತಾಯ ಮಾಡಬೇಡಿ.

ಅಂಗಡಿಯವರು ಮೋಸ ಮಾಡಿದರೇ ಎಂದು ಹಲವರು ಕೇಳಿದ್ದಾರೆ. ಮೂಲೆಯ ಮುದ್ರೆಯಲ್ಲಿ ಸತ್ಯವೇ ಇತ್ತು, ಚೀಟಿಯಲ್ಲಿ ಇರಲಿಲ್ಲ. ಆ ಚೀಟಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಉಳಿದಿದ್ದ ಒಂದು ತುಂಡನ್ನು ಬಚ್ಚಲಿನ ಹಂಡೆಗೆ ಹಾಕಿ ಕುದಿಸಿದೆ. ಎರಡು ಗಂಟೆಯಾಗುವಷ್ಟರಲ್ಲಿ ಅಂಚು ಪುಸ್ತಕದಂತೆ ಬಿಚ್ಚಿಕೊಂಡಿತು, ನೀರು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಬೇರೊಂದು ಊರಿನಿಂದ ಐಎಸ್ 710 ಮುದ್ರೆಯ ತುಂಡೊಂದನ್ನು ತಂದು ಅದೇ ಹಂಡೆಯಲ್ಲಿ ಹಾಕಿದೆ. ಮೂರು ಹಗಲು, ಮೂರು ರಾತ್ರಿ ಮನೆಯವರೆಲ್ಲ ಸರದಿಯ ಮೇಲೆ ಬೆಂಕಿ ಕಾಯ್ದೆವು. ಹೊರತೆಗೆದಾಗ ಬಣ್ಣ ಮಾಸಿತ್ತು. ಅಂಚಿಗೆ ಚಾಕುವಿನ ಮೊನೆ ಕೊಟ್ಟು ಮೀಟಿದರೂ ಪದರ ಬಿಡಲಿಲ್ಲ.

ಆದ್ದರಿಂದ ಹಾಳೆ ಕೊಳ್ಳುವ ಮುನ್ನ ಒಂದು ತುಂಡು ಬೇಡಿ ತನ್ನಿ, ಕುದಿಸಿ. ಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ. ಮುದ್ರೆಯನ್ನಷ್ಟೇ ನಂಬಬೇಡಿ, ಐಎಸ್‌ಐ ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಹಾಳೆಯ ನಾಲ್ಕೂ ಅಂಚುಗಳನ್ನು ಬೆಳಕಿಗೆ ಹಿಡಿಯಿರಿ. ಒಳಪದರಗಳ ನಡುವೆ ಪೊಳ್ಳು ಕಂಡರೆ, ಬೆರಳಗೆಣ್ಣಿನಿಂದ ಬಡಿದಾಗ ಎಲ್ಲಾದರೂ ಟೊಳ್ಳು ದನಿ ಬಂದರೆ, ಅದು ನೀರು ಸೇರಿಕೊಳ್ಳುವ ಜಾಗ. ಕೊಯ್ದ ಪ್ರತಿ ಅಂಚಿಗೂ, ಕೊರೆದ ಪ್ರತಿ ತೂತಿಗೂ ಜೋಡಿಸುವ ಮೊದಲೇ ಎಪಾಕ್ಸಿ ಕುಡಿಸಿ. ಪ್ಲೈವುಡ್ ನೀರು ಕುಡಿಯುವುದು ಹೆಚ್ಚಾಗಿ ಅಂಚಿನಿಂದಲೇ.

ಸ್ಕ್ರೂಗೆ ಕಬ್ಬಿಣ ಬೇಡ. ಹಿತ್ತಾಳೆಯೂ ಬೇಡ: ಉಪ್ಪುನೀರು ಅದರೊಳಗಿನ ಸತುವನ್ನು ಕರಗಿಸಿ ಪುಡಿಪುಡಿ ಮಾಡುತ್ತದೆ. ಸಿಲಿಕಾನ್ ಕಂಚು ಸಿಕ್ಕರೆ ಅದೇ ಒಳ್ಳೆಯದು, ಇಲ್ಲದಿದ್ದರೆ 316 ದರ್ಜೆಯ ಸ್ಟೇನ್‌ಲೆಸ್. ಜೋಡಣೆಯನ್ನು ತುದಿಗೆ ತುದಿ ತಾಗಿಸದೆ ಎರಡೂ ಹಾಳೆಗಳನ್ನು ಓರೆಯಾಗಿ ಸವರಿ ಒಂದರ ಮೇಲೊಂದು ಅಂಟಿಸಬೇಕು, ಓರೆಯ ಉದ್ದ ದಪ್ಪದ ಎಂಟು ಪಟ್ಟು. 9 ಮಿಲಿಮೀಟರಿಗೆ 72.

ಇನ್ನೊಂದು, ಎಪಾಕ್ಸಿ ಕೆಲಸವನ್ನು ಮಳೆಗಾಲದಲ್ಲಿ ಹಿಡಿಯಬೇಡಿ. ತೇವದ ಗಾಳಿಯಲ್ಲಿ ಅದರ ಮೇಲೆ ಜಿಡ್ಡಿನಂತಹ ಒಂದು ಪದರ ಕೂರುತ್ತದೆ, ತೊಳೆಯದೆ ಮುಂದಿನ ಲೇಪ ಕೊಟ್ಟರೆ ಅಂಟುವುದಿಲ್ಲ. ಬಿಸಿಲೂ ಅದಕ್ಕೆ ಆಗದು, ಮೇಲೆ ಬಣ್ಣ ಇರಲೇಬೇಕು. ರಾಳ ಮತ್ತು ಗಟ್ಟಿಕಾರಕವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿಯೇ ಅಳೆದು ಬೆರೆಸಿ, ಕಣ್ಣಂದಾಜು ಬೇಡ.

ತಳದ ಪಟ್ಟಿಗೆ ಈ ಸಲ ಹೆಬ್ಬಲಸು ತಂದಿದ್ದೇನೆ. ಊರಿನ ಹಳೆಯ ದೋಣಿ ಕಟ್ಟುವವರೊಬ್ಬರು ಹಲಗೆಯನ್ನು ಮೂಸಿ, ಉಗುರಿನಿಂದ ಗೀರಿ ನೋಡಿ, ಇನ್ನೂ ಮೂರು ತಿಂಗಳು ನೆರಳಿನಲ್ಲಿ ಒಣಗಲಿ ಎಂದರು. ಒಣಗುತ್ತಿದೆ. ಕುದಿಸಿದ ಎರಡೂ ತುಂಡುಗಳನ್ನು ಜಗಲಿಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಕುಂದಾಪುರದ ಕಡೆ ಯಾರಾದರೂ ದೋಣಿ ಕಟ್ಟಲು ಹೊರಟಿದ್ದರೆ, ಹಾಳೆ ಕೊಳ್ಳುವ ಮೊದಲು ಬಂದು ಅವನ್ನು ಕೈಯಲ್ಲಿ ಹಿಡಿದು ನೋಡಿ.